ಒಂದೇ ಹೊಟ್ಟೆಯ ರಕ್ತ

ನಮ್ಮ ದೊಡ್ಡವ್ವ ಚನ್ನವೀರಮ್ಮ ಯಾರನ್ನೇ ನೋಡಲಿ, ಮೊದಲು ಕಿವಿ ನೋಡುತ್ತಾಳೆ. ಆಮೇಲೆ ಹುಬ್ಬು, ಗದ್ದ, ಕೈಬೆರಳು, ಕಾಲಿನ ಎರಡನೇ ಬೆರಳು. ಮುಖದ ಸರದಿ ಬರುವುದು ಕೊನೆಗೆ. ಕುರುಗೋಡಿನಲ್ಲಿ ಯಾರ ಮನೆಯವರು ಹೆಣ್ಣು ನೋಡಲು ಹೊರಟರೂ ಆಕೆಯನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಆಕೆ ಮದುವೆ ದಲ್ಲಾಳಿ ಅಲ್ಲ, ಯಾರ ಕೈಯಿಂದಲೂ ಒಂದು ಕುಬುಸದ ಬಟ್ಟೆ ತೆಗೆದುಕೊಂಡವಳಲ್ಲ. ಹೋಗುತ್ತಿದ್ದಳು, ಚಾಪೆಯ ಮೇಲೆ ಕೂರುತ್ತಿದ್ದಳು, ಕೊಟ್ಟ ಒಗ್ಗಾಣಿ ತಿನ್ನುತ್ತಿದ್ದಳು, ಹುಡುಗಿಯ ಅವ್ವ, ಅಜ್ಜಿ, ಅಜ್ಜ ಎಲ್ಲರ ಮೇಲೂ ಒಂದು ಸುತ್ತು ಕಣ್ಣಾಡಿಸುತ್ತಿದ್ದಳು. ತೀರ್ಪು ಹೊರಬೀಳುತ್ತಿದ್ದದ್ದು ವಾಪಸಾಗುವ ಬಸ್ಸಿನಲ್ಲಿ.

ಒಮ್ಮೆ ಹೀಗೆ ಹೋದಾಗ ಹುಡುಗಿಯ ಅಪ್ಪ ನೀರಿನ ಲೋಟ ಕೊಡಲು ಕೈ ಚಾಚಿದನಂತೆ. ಕಿರುಬೆರಳಿನ ಪಕ್ಕದಲ್ಲಿ ಹೆಸರುಕಾಳಿನಷ್ಟು ಒಂದು ಗಂಟು. ದೊಡ್ಡವ್ವ ಬಸ್ಸಿನಲ್ಲಿ ಹೇಳಿದಳು: "ಸಣ್ಣಾಂವ ಇದ್ದಾಗ ಆರನೇ ಬಳ್ಳು ಕೊಯ್ಸ್ಯಾರ. ಹುಡುಗಿ ಕೈಯಾಗೂ ಆ ಗುರುತೈತಿ, ಸೆರಗಿನಾಗ ಮುಚ್ಚಿದ್ಲು. ಹುಟ್ಟೋ ಮಕ್ಕಳಾಗ ಒಂದಕ್ಕಾದ್ರೂ ಬರ್ತೈತಿ, ಈಗೇ ಹೇಳೀನಿ." ಮದುವೆ ಆಯಿತು. ಎರಡನೇ ಮಗು ಆರು ಬೆರಳು ಹೊತ್ತೇ ಹುಟ್ಟಿತು. ಅಂದಿನಿಂದ ಊರಲ್ಲಿ ಆಕೆಯ ಮಾತಿಗೆ ಎದುರು ಮಾತಿಲ್ಲ.

ನಾನು ಆಕೆಯ ತಂಗಿಯ ಮಗಳು. ಸಿರುಗುಪ್ಪದ ಒಂದು ಪಿಯು ಕಾಲೇಜಿನಲ್ಲಿ ಹತ್ತೊಂಬತ್ತು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಸಿಟ್ಟು ಬೇಗ ಬರುತ್ತದೆ ಎಂಬ ಹೆಸರು ನನಗಿದೆ, ಸುಳ್ಳಲ್ಲ. ಆದರೆ ದೊಡ್ಡವ್ವನ ಈ ಕಣ್ಣಿನ ಮೇಲೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಮೂರನೇ ತರಗತಿಗೆ ಸಾಲಿ ಬಿಟ್ಟವಳು, ನಾನು ಎಂ.ಎಸ್ಸಿ ಮಾಡಿ ಕಲಿತದ್ದನ್ನು ಚಾಪೆಯ ಮೇಲೆ ಕೂತು ಕಂಡುಹಿಡಿದಿದ್ದಳು. ಅರ್ಧ ಮಾತ್ರ ಕಂಡುಹಿಡಿದಿದ್ದಳು ಎನ್ನುವುದೇ ಈ ಕಥೆ.

ಆ ಅರ್ಧ ಯಾವುದೆಂದು ಮೊದಲು ಹೇಳುತ್ತೇನೆ. ದೊಡ್ಡವ್ವನ ಹಣೆಯ ಮೇಲೆ, ಬೈತಲೆ ಶುರುವಾಗುವಲ್ಲಿ, ಹುಟ್ಟಿದಂದಿನಿಂದ ಬಿಳಿ ಕೂದಲಿನ ಒಂದು ಎಳೆ ಇದೆ. ಮನೆಯಲ್ಲಿ ಅದನ್ನು ವಿಭೂತಿ ಎಳೆ ಅನ್ನುತ್ತಾರೆ. ಆಕೆಯ ಅಪ್ಪನಿಗಿತ್ತು, ದೇಶನೂರಿನಲ್ಲಿರುವ ತಮ್ಮ ದೊಡ್ಡಬಸವರಾಜನಿಗಿದೆ, ಕಿರಿಮಗ ಗವಿಸಿದ್ದೇಶನಿಗಿದೆ. ಹಿರಿಮಗ ದುರ್ಗೇಶನಿಗಿಲ್ಲ, ಮಗಳು ಜಂಬಮ್ಮನಿಗಿಲ್ಲ. ನಮ್ಮ ಅವ್ವನಿಗಿಲ್ಲ, ಅದಕ್ಕೇ ನನಗೂ ಇಲ್ಲ, ನನ್ನ ಮಗಳಿಗೂ ಇಲ್ಲ. "ಇದ್ದೋರ ಮಕ್ಕಳಾಗ ಅರ್ಧ ಮಂದಿಗೆ ಬರ್ತೈತಿ. ಇಲ್ದೋರ ಮಕ್ಕಳಿಗೆ ಬರಂಗೇ ಇಲ್ಲ," ಎಂದು ಆಕೆ ನನಗೆ ಹೇಳಿದಾಗ ನಾನು ಇನ್ನೂ ಹೈಸ್ಕೂಲಿನಲ್ಲಿದ್ದೆ. ಪ್ರಬಲ ಗುಣ ಅಂದರೆ ಇದೇ. ಅಪ್ಪನಿಂದ ಒಂದು ಪ್ರತಿ, ಅವ್ವನಿಂದ ಒಂದು ಪ್ರತಿ ನಮ್ಮೊಳಗೆ ಇರುತ್ತದೆ. ಎರಡರಲ್ಲಿ ಒಂದು ಹೀಗಿದ್ದರೂ ಸಾಕು, ಅದು ಮೈಮೇಲೆ ಕಾಣಿಸಿಕೊಳ್ಳುತ್ತದೆ. ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಅದಕ್ಕಿಲ್ಲ.

ಮುಚ್ಚಿಟ್ಟುಕೊಳ್ಳುವುದು ಇನ್ನೊಂದು ಬಗೆಯದು. ಅದನ್ನು ಪಠ್ಯಪುಸ್ತಕದಲ್ಲಿ ದುರ್ಬಲ ಗುಣ ಅನ್ನುತ್ತಾರೆ. ಹೆಸರಿಟ್ಟವರ ಮೇಲೆ ನನಗೆ ಪ್ರತಿ ವರ್ಷವೂ ಸಿಟ್ಟು. ಅದು ದುರ್ಬಲವೇನಲ್ಲ. ಒಂದೇ ಪ್ರತಿ ಇದ್ದರೆ ಸದ್ದಿಲ್ಲದೆ ಕೂತಿರುತ್ತದೆ, ಹೊತ್ತವರು ಗದ್ದೆಯಲ್ಲಿ ದುಡಿದುಕೊಂಡು ಎಪ್ಪತ್ತು ವರ್ಷ ಬದುಕುತ್ತಾರೆ. ಅಪ್ಪನಿಂದ ಒಂದು, ಅವ್ವನಿಂದ ಒಂದು ಬಂದು ಒಂದೇ ಮಗುವಿನಲ್ಲಿ ಎರಡೂ ಸೇರಿದಾಗ ಮಾತ್ರ ಎದ್ದು ನಿಲ್ಲುತ್ತದೆ.

ನಮ್ಮ ಮನೆತನದಲ್ಲಿ ಅದು ಎದ್ದು ನಿಂತದ್ದು ಅಮರೇಶನಲ್ಲಿ.

ದೊಡ್ಡವ್ವ ಹುಟ್ಟಿದ್ದು ದೇಶನೂರಿನಲ್ಲಿ. ಹದಿನಾರಕ್ಕೆ ಸೋದರತ್ತೆಯ ಮಗ ಗಾದಿಲಿಂಗಪ್ಪನನ್ನು ಮದುವೆಯಾಗಿ ಕುರುಗೋಡಿಗೆ ಬಂದಳು. ಗಾದಿಲಿಂಗಪ್ಪ ದೊಡ್ಡಪ್ಪ ಹೋಗಿ ಹನ್ನೆರಡು ವರ್ಷವಾಯಿತು. ಮಗಳು ಜಂಬಮ್ಮ ಬೆಳೆದಾಗ ದೊಡ್ಡವ್ವ ಆಕೆಯನ್ನು ತನ್ನ ಸ್ವಂತ ತಮ್ಮ ದೊಡ್ಡಬಸವರಾಜನಿಗೇ ಕೊಟ್ಟಳು. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಮೊದಲ ಹಕ್ಕು, ಇದರಲ್ಲಿ ಯಾರಿಗೂ ಅಚ್ಚರಿಯಿಲ್ಲ. ನೋಡುವುದು ಬೆಡಗು ಒಂದನ್ನೇ. ಬೆಡಗು ಅಂದರೆ ಅಪ್ಪನ ಕಡೆಯಿಂದ ಇಳಿಯುವ ಕುಲದ ಹೆಸರು. ಒಂದೇ ಬೆಡಗಿನವರು ಅಣ್ಣತಂಗಿ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಅಕ್ಕ ಮದುವೆಯಾಗಿ ಬೇರೆ ಬೆಡಗಿನ ಮನೆ ಸೇರಿದರೆ ಆಕೆಯ ಮಗಳು ಬೇರೆ ಬೆಡಗಿನವಳಾದಳು. ಹೆಸರು ಬದಲಾದರೆ ರಕ್ತವೂ ಬದಲಾಯಿತು ಎಂದು ನಂಬಿ ನೂರಾರು ವರ್ಷದಿಂದ ನಡೆಸಿಕೊಂಡು ಬಂದಿದ್ದೇವೆ.

ಜಂಬಮ್ಮನಿಗೆ ಮೊದಲು ಶೈಲಜಾ ಹುಟ್ಟಿದಳು, ಗುಂಡುಗುಂಡಗೆ. ಎಂಟು ವರ್ಷದ ಮೇಲೆ ಅಮರೇಶ ಹುಟ್ಟಿದ. ಎಂಟನೇ ತಿಂಗಳಿಗೆ ಅವನ ತುಟಿ ಬಿಳಿಚಿಕೊಂಡಿತು, ಹೊಟ್ಟೆ ಉಬ್ಬಿತು. ಬಳ್ಳಾರಿಯ ಡಾಕ್ಟರು ಥಲಸ್ಸೀಮಿಯಾ ಎಂದರು. ಮೈ ತನಗೆ ಬೇಕಾದ ರಕ್ತವನ್ನು ತಾನು ಮಾಡಿಕೊಳ್ಳುವುದಿಲ್ಲ, ಹೊರಗಿನಿಂದ ಹಾಕುತ್ತಲೇ ಇರಬೇಕು. ಇಪ್ಪತ್ತೈದು ದಿನಕ್ಕೊಮ್ಮೆ ದೇಶನೂರಿನಿಂದ ಸಿರುಗುಪ್ಪ, ಅಲ್ಲಿಂದ ಬಳ್ಳಾರಿ. ಜಂಬಮ್ಮನಿಗೆ ಗದ್ದೆ ಕೆಲಸವಿದ್ದ ದಿನ ಶೈಲಜಾ ಸಾಲಿ ಬಿಟ್ಟು ತಮ್ಮನನ್ನು ಕರೆದೊಯ್ಯುತ್ತಿದ್ದಳು. ಸೂಜಿ ಚುಚ್ಚಲು ನರ ಸಿಗದಾದಾಗ ಅವನ ಕಾಲು ಹಿಡಿದುಕೊಳ್ಳುತ್ತಿದ್ದವಳು ಆಕೆಯೇ. ಗವಿಸಿದ್ದೇಶನೂ ಕುರುಗೋಡಿನಿಂದ ಬಂದು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ವಾರ್ಡಿನ ತುಂಬ ತಿರುಗಿಸುತ್ತಿದ್ದ. ರಕ್ತ ಕೊಡಲು ಹೋದರೆ ಮಾತ್ರ ಅವನನ್ನು ಎರಡು ಸಲವೂ ವಾಪಸು ಕಳಿಸಿದರು, ರಕ್ತದ ಅಂಶ ಕಡಿಮೆಯಿದೆ, ಸೊಪ್ಪು ತಿನ್ನು ಎಂದು. ದುರ್ಗೇಶ ಕೊಟ್ಟ. ಭತ್ತದ ಮೂಟೆ ಎತ್ತುವ ಆಳು ಒಂದು ಬಾಟಲಿ ರಕ್ತಕ್ಕೆ ಆಗಲಿಲ್ಲ ಎಂದು ನಾವೆಲ್ಲ ಗವಿಸಿದ್ದೇಶನನ್ನು ಆಡಿಕೊಂಡು ನಕ್ಕೆವು. ನಾನೂ ನಕ್ಕೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಹನ್ನೊಂದು ತುಂಬುವ ಮೊದಲೇ ಅಮರೇಶ ತೀರಿಕೊಂಡ.

ಇದು ಅಪ್ಪ ಅವ್ವ ಇಬ್ಬರಿಂದಲೂ ಬಂದದ್ದು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ದೊಡ್ಡವ್ವ ಒಪ್ಪಿರಲಿಲ್ಲ. "ನನ್ನ ತಮ್ಮ ಒಂದಿನ ಜ್ವರ ಬಂದು ಮಲಗ್ದಾಂವಲ್ಲ. ನನ್ನ ಮಗಳು ಹೆತ್ತ ಹನ್ನೆರಡನೇ ದಿನಕ್ಕ ಕೊಡ ಹೊತ್ತಾಳ. ಇಬ್ಬರ ಮೈಯಾಗೂ ಇಲ್ಲದ್ದು ಕೂಸಿಗೆ ಎಲ್ಲಿಂದ ಬರ್ತೈತಿ?" ಎಂದು ನನ್ನನ್ನೇ ಕೇಳಿದ್ದಳು. ವಿಭೂತಿ ಎಳೆ ಕಲಿಸಿದ ಲೆಕ್ಕ ಅದು: ಇಲ್ಲದವರ ಮಕ್ಕಳಿಗೆ ಬರುವುದಿಲ್ಲ. ಕಾಣುವ ಗುಣಕ್ಕೆ ನೂರಕ್ಕೆ ನೂರು ಸರಿಯಿದ್ದ ಲೆಕ್ಕವನ್ನು ಆಕೆ ಕಾಣದ್ದಕ್ಕೂ ಹಾಕಿದಳು. ನಾನು ಕಾಲೇಜಿನಲ್ಲಿ ಕಲಿಸುವಂತೆ ಹಾಳೆಯ ಮೇಲೆ ನಾಲ್ಕು ಮನೆಯ ಚೌಕ ಹಾಕಿ ವಿವರಿಸಿದೆ. ಆಕೆ ಹಾಳೆಯನ್ನು ತಿರುಗಿಸಿ ನೋಡಿ, "ಚಲೋ ಕಲಸ್ತಿ ಬಿಡು," ಎಂದು ಎದ್ದುಹೋದಳು.

ಅಮರೇಶ ಹೋದ ಮೂರನೇ ವರ್ಷಕ್ಕೆ ದೊಡ್ಡವ್ವ ಗವಿಸಿದ್ದೇಶನಿಗೆ ಹೆಣ್ಣು ನೋಡಿದಳು. ಊರೂರು ತಿರುಗಿ ಪರರ ಮನೆಯ ಕಿವಿ, ಬೆರಳು ತಪಾಸಣೆ ಮಾಡಿದವಳು ತನ್ನ ಮಗನಿಗೆ ಎಲ್ಲೂ ಹುಡುಕಲಿಲ್ಲ. ಮೊಮ್ಮಗಳು ಶೈಲಜಾಳನ್ನೇ ಕೇಳಿದಳು. ಜಂಬಮ್ಮನೂ ಅದನ್ನೇ ಬಯಸಿದ್ದಳು. ಉಳಿದ ಒಂದೇ ಮಗಳು ಗುರುತಿಲ್ಲದವರ ಮನೆಗೆ ಹೋಗುವ ಬದಲು ತನ್ನ ಅವ್ವನ ಕೈಕೆಳಗೆ, ತನ್ನ ತಮ್ಮನ ಜೊತೆಗೆ ಇರಲಿ ಎಂದು. ಶೈಲಜಾಳಿಗೆ ಗವಿಸಿದ್ದೇಶನೆಂದರೆ ಪ್ರೀತಿ, ಅವನಿಗೂ ಅಷ್ಟೇ. ಆ ವಾರ್ಡಿನಲ್ಲಿ ಬೆಳೆದ ಪ್ರೀತಿ ಅದು, ತಮಾಷೆಯದಲ್ಲ.

ನಾನು ಭಾನುವಾರವೇ ಬಸ್ಸು ಹಿಡಿದು ದೇಶನೂರಿಗೆ ಹೋಗಿ ರಂಪ ಮಾಡಿದೆ. ದೊಡ್ಡಬಸವರಾಜ ತಲೆ ತಗ್ಗಿಸಿ ಕೂತ. ಜಂಬಮ್ಮ ಅತ್ತಳು. ನನ್ನ ಮಾತು ಕಿವಿಗೊಟ್ಟು ಕೇಳಿದವಳು ಶೈಲಜಾ ಒಬ್ಬಳೇ. ಬಿ.ಕಾಂ ಮುಗಿಸಿದ್ದ ಇಪ್ಪತ್ತೆರಡರ ಹುಡುಗಿ.

"ಅಕ್ಕಾ, ಅಮರೇಶನಂಥ ಇನ್ನೊಂದು ಕೂಸಿನ ಕಾಲು ನಾ ಹಿಡಿಯಂಗಿಲ್ಲ," ಅಂದಳು. "ಇಬ್ಬರೂ ರಕ್ತ ತೋರಸ್ತೀವಿ. ಇಬ್ಬರಿಗೂ ಇದ್ರ ಮದುವಿ ಇಲ್ಲ. ಗವಿಸಿದ್ದೇಶ ಮಾವನೂ ಒಪ್ಪ್ಯಾನ."

ಆ ಲೆಕ್ಕದಲ್ಲಿ ತಪ್ಪು ಹಿಡಿಯಲು ಸಂದು ಇರಲಿಲ್ಲ. ಇಬ್ಬರಲ್ಲಿ ಒಬ್ಬರು ಹೊತ್ತಿದ್ದರೆ ಅಪಾಯವಿಲ್ಲ. ಮಕ್ಕಳು ಹೆಚ್ಚೆಂದರೆ ಸುಮ್ಮನೆ ಹೊತ್ತು ನಡೆಯುತ್ತವೆ. ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಮರೇಶ. ನನಗೂ ಅದು ಇದೆ, ಅಮರೇಶನ ಕಾಯಿಲೆ ತಿಳಿದ ಮೇಲೆ ಪರೀಕ್ಷೆ ಮಾಡಿಸಿಕೊಂಡಿದ್ದೆ. ನನ್ನ ಗಂಡ ಸಂಬಂಧದಲ್ಲಿ ದೂರದವರು, ಅವರಿಗಿಲ್ಲ, ಮಗಳು ಆರಾಮಾಗಿದ್ದಾಳೆ. ಅದು ನನ್ನ ಜಾಣತನವಲ್ಲ. ನನಗೆ ಸೋದರಮಾವ ಸಿಗಲಿಲ್ಲ, ಅಷ್ಟೇ.

ಶೈಲಜಾಳನ್ನು ನಾನೇ ಬಳ್ಳಾರಿಯ ಲ್ಯಾಬಿಗೆ ಕರೆದೊಯ್ದೆ. ನೋಡಬೇಕಾದ ಅಂಕಿ ಹಿಮೋಗ್ಲೋಬಿನ್ ಎ2, ಹೊತ್ತಿಲ್ಲದವರಿಗೆ ಅದು ಮೂರೂವರೆಯ ಒಳಗಿರಬೇಕು. ಆಕೆಯದು ಐದು ಪಾಯಿಂಟ್ ಒಂದು. ಆಕೆ ಹೊತ್ತಿದ್ದಳು. ಇನ್ನು ಎಲ್ಲವೂ ಗವಿಸಿದ್ದೇಶನ ಮೇಲೆ ನಿಂತಿತು.

ಅವನು ಈ ವಾರ, ಮುಂದಿನ ವಾರ ಎಂದು ದಿನ ತಳ್ಳಿದ. ಸುಗ್ಗಿ, ಪಂಪ್‌ಸೆಟ್ ರಿಪೇರಿ, ಹಾಲ್ ಬುಕಿಂಗು. ನಾನು ಫೋನು ಮಾಡಿ ಮಾಡಿ ಬೈದೆ. ಕೊನೆಗೆ ಮದುವೆಗೆ ಐದು ದಿನ ಇರುವಾಗ ಒಂದು ಮಧ್ಯಾಹ್ನ ವಾಟ್ಸಾಪಿನಲ್ಲಿ ರಿಪೋರ್ಟಿನ ಫೋಟೋ ಬಂತು. ಮೇಲೆ ಗವಿಸಿದ್ದೇಶ್ ಎಂದು ಹೆಸರು, ಕೆಳಗೆ ಅಂಕಿ: ಎರಡು ಪಾಯಿಂಟ್ ಆರು. ನಾನು ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ ಇದ್ದೆ. ಅಂಕಿ ನೋಡಿ ಕಣ್ಣಲ್ಲಿ ನೀರು ಬಂತು. ಶೈಲಜಾಳಿಗೆ ನಾನೇ ಫೋನು ಮಾಡಿ, ನೆಮ್ಮದಿಯಾಗಿ ಮದುವೆಯಾಗು ಎಂದೆ. ಹಾಗೆ ಹೇಳಿದವಳು ನಾನು, ಬೇರೆ ಯಾರೂ ಅಲ್ಲ.

ಮದುವೆ ಚೆನ್ನಾಗಿ ಆಯಿತು. ಮೂರು ತಿಂಗಳಿಗೆ ಶೈಲಜಾ ಬಸುರಿಯಾದಳು. ಕುರುಗೋಡಿನಲ್ಲೇ ತೋರಿಸುತ್ತಿದ್ದರು. ತನಗಿದೆ, ಗಂಡನಿಗಿಲ್ಲ ಎಂದು ಆಕೆ ಹೇಳಿದ್ದಳು, ಅಲ್ಲಿಯ ಡಾಕ್ಟರು ಹಾಗೆಯೇ ಬರೆದುಕೊಂಡಿದ್ದರು. ಏಳನೇ ತಿಂಗಳಿಗೆ ರಕ್ತ ತೀರ ಕಡಿಮೆಯಾಗಿ ಬಳ್ಳಾರಿಗೆ ಕಳಿಸಿದರು. ಜೊತೆಗೆ ನಾನು ಹೋಗಿದ್ದೆ. ಅಲ್ಲಿಯ ಡಾಕ್ಟರು ಬಾಯಿಮಾತು ಬೇಡ, ಗಂಡನ ಕಾಗದ ತೋರಿಸಿ ಎಂದರು. ನನ್ನ ಫೋನಿನಲ್ಲಿತ್ತು. ತೆರೆದು ಕೊಟ್ಟೆ. ಅವರು ಓದಿದರು.

"ಇವರ ಗಂಡನಿಗೆ ಮೂವತ್ತಾರಾ?"

"ಇಲ್ಲ, ಇಪ್ಪತ್ತೊಂಬತ್ತು," ಎಂದೆ. ಎಂದವಳೇ ಫೋನು ಈಸಿಕೊಂಡು ನೋಡಿದೆ. ಹೆಸರಿನ ಪಕ್ಕದಲ್ಲೇ ಇತ್ತು: ವಯಸ್ಸು ಮೂವತ್ತಾರು. ಆ ದಿನ ನಾನು ಅಂಕಿ ಒಂದನ್ನೇ ನೋಡಿದ್ದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಅಕ್ಷರ ತಪ್ಪಿದರೆ ಕೆಂಪು ಗೀಟು ಎಳೆಯುವವಳು ನಾನು. ಮನೆಯಲ್ಲಿ ಮೂವತ್ತಾರು ವರ್ಷದವನು ದುರ್ಗೇಶ.

ಶೈಲಜಾಳನ್ನು ವಾರ್ಡಿನಲ್ಲಿ ಮಲಗಿಸಿ, ಆಕೆಗೆ ಏನೂ ಹೇಳದೆ, ಕುರುಗೋಡಿನ ಬಸ್ಸು ಹತ್ತಿದೆ. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡದೆ ನಿಂತೇ ಕೇಳಿದೆ. ಆಕೆ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಬೇಕಾದ ಕೆಲಸ ತಾನು ಮಾಡಿದ್ದೇನೆ ಎಂದು ಆಕೆಗೆ ಅನ್ನಿಸಿರಲೇ ಇಲ್ಲ.

"ಹೌದವ್ವಾ, ದುರ್ಗೇಶನ್ನ ಕಳಿಸಿದ್ದೆ. ಆವತ್ತು ಮುಂಜಾನಿ ಗವಿಸಿದ್ದೇಶಗ ಅರಿಶಿಣ ಹಚ್ಚಿದ್ವಿ. ಅರಿಶಿಣ ಹಚ್ಚಿದ ಮದುಮಗ ಊರ ಗಡಿ ದಾಟತಾನೇನು? ಮೈಯಾಗಿಂದ ರಕ್ತ ಬಿದ್ರ ಕೇಡಲ್ಲೇನು? ನೀನು ನೋಡಿದ್ರ ದಿನಾ ಫೋನ್ ಹಚ್ಚಿ ಹಲ್ಲು ಕಡೀತಿದ್ದಿ. ಮದುಮಗನ ಹೆಸರ್ಲೆ ಚೀಟಿ ಬರಸು ಅಂತ ಅವಂಗ ಹೇಳಿ ಕಳಿಸಿದೆ."

"ವಯಸ್ಸು?"

"ಅದು ನಂಗ ಗೊತ್ತಿಲ್ಲ. ಅಲ್ಲೇ ಕೇಳಿರ್ಬೇಕು, ತನ್ನ ವಯಸ್ಸು ಹೇಳ್ಯಾನ."

"ದುರ್ಗೇಶನ ರಕ್ತ ನೋಡಿ ಗವಿಸಿದ್ದೇಶನ್ನ ಹೆಂಗ ತಿಳ್ಕೊಳ್ಳಾಕ ಆಗ್ತೈತಿ ದೊಡ್ಡವ್ವ?"

ಆಕೆ ನನ್ನನ್ನು ತೀರ ಪಾಪದವಳು ಎಂಬಂತೆ ನೋಡಿದಳು. "ಒಂದೇ ಅಪ್ಪ, ಒಂದೇ ಅವ್ವ. ಒಂದೇ ಹೊಟ್ಟ್ಯಾಗ ಹುಟ್ಟಿದ ಅಣ್ಣತಮ್ಮಂದ್ರು. ರಕ್ತ ಬ್ಯಾರೆ ಹೆಂಗಾಗ್ತೈತಿ? ಒಂದೇ ಗಡಿಗಿ ಅನ್ನ, ಯಾವ ಅಗಳು ಹಿಚುಕಿದ್ರ ಏನು?"

ನಾನು ಚಪ್ಪಲಿ ಬಿಟ್ಟೆ. ಆಕೆಯ ಎದುರಿಗೆ ನೆಲದ ಮೇಲೆ ಕೂತೆ. ಚೌಕ ಹಾಕಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಆಕೆಯದೇ ಮಾತಲ್ಲಿ ಹೇಳಿದೆ.

"ನಿನ್ನ ವಿಭೂತಿ ಎಳಿ ಗವಿಸಿದ್ದೇಶಗ ಬಂತು. ದುರ್ಗೇಶಗ ಯಾಕ ಬರಲಿಲ್ಲ? ಅವನು ನಿನ್ನ ಹೊಟ್ಟ್ಯಾಗ ಹುಟ್ಟಿಲ್ಲೇನು?"

ಸುಲಿಯುತ್ತಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು. ಅರವತ್ತೇಳು ವರ್ಷ ಜನರ ಮೈ ನೋಡುತ್ತ ಬಂದವಳಿಗೆ ಒಂದೇ ಹೊಟ್ಟೆಯ ಇಬ್ಬರಲ್ಲಿ ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬರುವುದಿಲ್ಲ ಎಂಬುದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಇಲ್ಲಿಗೆ ಹಚ್ಚಿ ನೋಡಿರಲಿಲ್ಲ, ಅಷ್ಟೇ.

ಕಡಲೆಕಾಯಿಯ ಮೊರ ಪಕ್ಕಕ್ಕೆ ಸರಿಸಿ, "ಹಂಗಂದ್ರ ಅವನ್ನ ಈಗ ಕರಕೊಂಡು ಹೋಗು," ಅಂದಳು.

ಗವಿಸಿದ್ದೇಶ ಮರುದಿನ ರಕ್ತ ಕೊಟ್ಟ. ಐದು ಪಾಯಿಂಟ್ ನಾಲ್ಕು.

ಮೂರನೇ ತಿಂಗಳಲ್ಲಿ ಗೊತ್ತಾಗಿದ್ದರೆ ಮಗು ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿಸಬಹುದಿತ್ತು, ಈಗ ಹುಟ್ಟುವವರೆಗೆ ಕಾಯುವುದೊಂದೇ ದಾರಿ ಎಂದರು ಡಾಕ್ಟರು. ಶೈಲಜಾಳಿಗೆ ಹೇಳಿದವನು ಗವಿಸಿದ್ದೇಶ. ಆ ಅರಿಶಿಣದ ದಿನ ಅಣ್ಣ ತನ್ನ ಬದಲಿಗೆ ಹೋಗಿದ್ದು ಅವನಿಗೆ ಗೊತ್ತಿತ್ತು. ಅವ್ವ ಹೇಳಿದಳು, ತಾನೂ ಹೌದೆಂದುಕೊಂಡೆ ಎಂದು ಅವನು ಹಾಸಿಗೆಯ ಪಕ್ಕ ನಿಂತು ಒಪ್ಪಿಕೊಂಡ. ಶೈಲಜಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಆಕೆ ಬೈದಿದ್ದರೆ ನಮಗೆಲ್ಲ ಹಗುರಾಗುತ್ತಿತ್ತು.

ದೊಡ್ಡವ್ವ ತನ್ನದೇ ಒಂದು ಲೆಕ್ಕ ಹಿಡಿದಳು. "ನಾಲ್ಕರಾಗ ಒಂದು ಅಂದೆಲ್ಲ. ಆ ಒಂದು ಅಮರೇಶಗ ಹೋತು. ಇನ್ನ ಮೂರೂ ಚಲೋವೇ ಉಳಿದ್ವು," ಎಂದು ನನಗೆ ಧೈರ್ಯ ಹೇಳಿದಳು. ಹಾಗಲ್ಲ, ಅದು ಜಂಬಮ್ಮನ ಬಸಿರು, ಇದು ಬೇರೆ ಬಸಿರು. ಪ್ರತಿ ಸಲವೂ ನಾಲ್ಕು ಬಾಗಿಲು, ಪ್ರತಿ ಸಲವೂ ಅದರಲ್ಲೊಂದು ಕೆಟ್ಟದ್ದು ಎಂದು ಹೇಳಿದೆ. ಆಕೆ ಕೇಳಿಸಿಕೊಂಡಳು. ಮೊದಲ ಸಲ ಆಕೆಯ ಮುಖದಲ್ಲಿ ಹೆದರಿಕೆ ಕಂಡೆ, ನನಗೂ ಹೆದರಿಕೆಯಾಯಿತು.

ಹೆಣ್ಣು ಮಗು ಹುಟ್ಟಿತು. ಮೂರು ಕೆಜಿ ತೂಕ, ಕೆಂಪು ಮೈ, ಗಟ್ಟಿ ದನಿ. ಹಣೆಯ ಮೇಲೆ ಬಿಳಿ ಎಳೆ ಇತ್ತು. ಜಂಬಮ್ಮ ಹಿಗ್ಗಿದಳು, ಬಂದವರಿಗೆಲ್ಲ ತೋರಿಸಿದಳು. ಈ ಕಾಯಿಲೆಯಲ್ಲಿ ಹುಟ್ಟುವಾಗ ಎಲ್ಲ ಮಕ್ಕಳೂ ಹೀಗೇ ಇರುತ್ತವೆ. ಬಸಿರಿನಲ್ಲಿ ಮಾಡಿಕೊಂಡ ರಕ್ತ ಬೇರೆ ಬಗೆಯದು, ಅದು ಕೆಲವು ತಿಂಗಳು ನಡೆಸುತ್ತದೆ. ಅದು ತೀರಿದ ಮೇಲೆ ಮೈ ತನ್ನದನ್ನು ಮಾಡಿಕೊಳ್ಳಬೇಕು. ಆಗ ಗೊತ್ತಾಗುತ್ತದೆ. ಬೆಂಗಳೂರಿಗೆ ಮಾದರಿ ಕಳಿಸಿದರೆ ಈಗಲೇ ತಿಳಿಯಬಹುದು ಎಂದು ಡಾಕ್ಟರು ಹೇಳಿದರು. ಶೈಲಜಾ ಬೇಡವೆಂದಳು. "ಇರೋ ನಾಲ್ಕು ತಿಂಗಳಾದ್ರೂ ನಾ ಬರೇ ಅವ್ವ ಆಗಿ ಇರ್ತೀನಿ ಅಕ್ಕಾ," ಅಂದಳು.

ನಾನು ಪ್ರತಿ ಭಾನುವಾರ ಕುರುಗೋಡಿಗೆ ಹೋಗುತ್ತಿದ್ದೆ. ಮಗುವನ್ನು ಎತ್ತಿಕೊಂಡು ಆಡಿಸುತ್ತ, ಯಾರಿಗೂ ತಿಳಿಯದಂತೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಿದ್ದೆ. ಶೈಲಜಾ ಆಗ ಮಗುವನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ಎರಡನೇ ತಿಂಗಳು ಕೆಂಪಿತ್ತು, ಮೂರನೆಯದರಲ್ಲೂ ಇತ್ತು. ದೊಡ್ಡವ್ವ ಹೊರಗಿನವರ ಮನೆಗೆ ಹೆಣ್ಣು ನೋಡಲು ಹೋಗುವುದನ್ನು ನಿಲ್ಲಿಸಿದ್ದಳು. ಕರೆಯಲು ಬಂದವರನ್ನು ಮೈ ಸರಿಯಿಲ್ಲ ಎಂದು ಕಳಿಸುತ್ತಿದ್ದಳು. ಇಡೀ ದಿನ ತೊಟ್ಟಿಲ ಪಕ್ಕ ಕೂತು ಮಗುವಿನ ಕಿವಿಯ ಹಾಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

ಐದನೇ ತಿಂಗಳಲ್ಲಿ ಒಂದು ಭಾನುವಾರ ನಾನು ಇನ್ನೂ ಮಗುವನ್ನು ಎತ್ತಿಕೊಂಡಿರಲಿಲ್ಲ. ದೊಡ್ಡವ್ವ ನನ್ನನ್ನು ಹಿತ್ತಲಿಗೆ ಕರೆದೊಯ್ದಳು. "ಮೊನ್ನಿಂದ ಕಿವಿ ಬಿಳಿ ಆಗೈತಿ. ಹಾಲು ಕುಡೀತಾ ಕುಡೀತಾ ದಣಿವಾಗಿ ಬಿಟ್ಟು ಬಿಡ್ತೈತಿ. ಶೈಲಜಾಗ ನಾ ಹೇಳಿಲ್ಲ. ಅಕಿಗೂ ಗೊತ್ತಾಗೈತಿ, ಅಕಿನೂ ನನಗ ಹೇಳಿಲ್ಲ."

ಬಳ್ಳಾರಿಗೆ ಹೋದ ನಾಲ್ಕನೇ ದಿನ ರಿಪೋರ್ಟು ಬಂತು. ಈ ಸಲ ನಾನು ಹೆಸರು, ವಯಸ್ಸು, ದಿನಾಂಕ ಎಲ್ಲವನ್ನೂ ಓದಿದೆ. ಎಲ್ಲ ಸರಿಯಾಗಿತ್ತು. ಅಮರೇಶನ ಕಾಯಿಲೆಯೇ.

ಮೊದಲ ಬಾಟಲಿ ರಕ್ತ ಹಾಕಿಸಲು ಹೋದ ದಿನ ಬೆಳಿಗ್ಗೆ ವಾರ್ಡಿನ ಸಿಸ್ಟರ್ ಒಂದು ಫಾರ್ಮು ಹಿಡಿದು ಬಂದರು. ಗವಿಸಿದ್ದೇಶ ಔಷಧಿ ತರಲು ಹೋಗಿದ್ದ. ಶೈಲಜಾ ಮಂಚದ ಮೇಲೆ ಮಗುವಿನ ಕಾಲು ಹಿಡಿದು ಕೂತಿದ್ದಳು. ನಾನೂ ದೊಡ್ಡವ್ವನೂ ಎದುರಿನ ಬೆಂಚಿನ ಮೇಲಿದ್ದೆವು. ಹೆಸರು, ಊರು, ತೂಕ ಎಲ್ಲ ಆದ ಮೇಲೆ ಸಿಸ್ಟರ್ ಕೇಳಿದರು: "ಮನೆತನದಲ್ಲಿ ಮೊದಲು ಯಾರಿಗಾದರೂ ಈ ಕಾಯಿಲೆ ಇತ್ತಾ?"

"ನನ್ನ ತಮ್ಮ, ಅಮರೇಶ," ಅಂದಳು ಶೈಲಜಾ.

ಸಿಸ್ಟರ್ ಬರೆದುಕೊಂಡು ಹಾಳೆ ಮಡಿಸುವಷ್ಟರಲ್ಲಿ ದೊಡ್ಡವ್ವ, "ತಡೀರಿ, ಇನ್ನ ಅದಾರ," ಅಂದಳು.

"ಯಾರು ಅಜ್ಜಿ?"

"ನನಗೂ ನನ್ನ ತಮ್ಮಗೂ ನಡುವ ಒಂದು ಗಂಡು ಕೂಸಿತ್ತು. ಎರಡು ವರ್ಷಕ್ಕ ಹೋತು, ತುಟಿ ಬಿಳಿಚಿತ್ತು. ಕಾಮಣಿ ಜಡ್ಡು ಅಂದ್ರು. ನನ್ನ ಮೊದಲನೇದು ಹದಿನಾಲ್ಕು ತಿಂಗಳಿಗೆ ಹೋತು. ಹೊಟ್ಟಿ ಉಬ್ಬಿತ್ತು, ಮಣ್ಣು ತಿಂದಿರ್ಬೇಕಂತ ಅಂದ್ರು. ಕರೂರಾಗ ನಮ್ಮತ್ತಿ ಮೊಮ್ಮಗಳಿಗೆ ಎರಡು ಹೋದ್ವು, ಅಕಿ ಮದುವಿ ನಾನೇ ಕೂಡಿಸಿದ್ದು, ಸೋದರಮಾವಗ. ಕುರುಗೋಡಾಗ ನನ್ನ ಮೈದುನನ ಮಗಳಿಗೆ ಒಂದು. ಅದನ್ನೂ ನಾನೇ ಕೂಡಿಸಿದ್ದು."

ಆಕೆ ಅಳುತ್ತಿರಲಿಲ್ಲ. ಬಸ್ಸಿನಲ್ಲಿ ಕೂತು ಹುಡುಗಿಯ ಮನೆಯವರ ಬಗ್ಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ಯಾವ ಮಗುವಿಗೆ ಎಷ್ಟು ತಿಂಗಳು, ಯಾವ ಮಗುವಿನ ಉಗುರು ಹೇಗಿತ್ತು ಎಂದು ಒಂದೂ ಬಿಡದೆ ಹೇಳಿದಳು. ಎಲ್ಲವನ್ನೂ ಆಕೆ ನೋಡಿದ್ದಳು. ನೋಡದೆ ಬಿಟ್ಟದ್ದು ಒಂದೂ ಇರಲಿಲ್ಲ. ನನಗೆ ಆಕೆಯ ಮೇಲಿದ್ದ ಸಿಟ್ಟೆಲ್ಲ ಆ ಬೆಂಚಿನ ಮೇಲೆ ದುಃಖವಾಗಿ ಇಳಿಯಿತು.

ಶೈಲಜಾ ಮಗುವಿನ ಕಾಲು ಬಿಡದೆ ತಲೆಯೆತ್ತಿದಳು. "ಅಜ್ಜಿ, ಇವೆಲ್ಲ ನಿನಗ ನನ್ನ ಮದುವಿಗಿಂತ ಮೊದ್ಲೇ ಗೊತ್ತಿದ್ವು."

"ಗೊತ್ತಿದ್ವು," ಅಂದಳು ದೊಡ್ಡವ್ವ. "ಒಂದೊಂದಾಗಿ ಗೊತ್ತಿದ್ವು. ಕೂಡಿಸಿ ನೋಡಿದ್ದು ಇವತ್ತು."

ಫಾರ್ಮಿನಲ್ಲಿ ಅದಕ್ಕೆಂದು ಇದ್ದದ್ದು ಒಂದೇ ಗೆರೆ. ಸಿಸ್ಟರ್ ಹಾಳೆ ತಿರುಗಿಸಿ ಹಿಂದೆ ಬರೆಯತೊಡಗಿದ್ದರು. "ಇನ್ನೂ ಇದಾರಾ ಅಜ್ಜಿ?" ಎಂದು ಕೇಳಿದರು.

"ಒಂದೈತಿ. ಕರೂರಾಗ, ಅದೇ ಮನಿಯಾಗ," ಅಂದಳು ದೊಡ್ಡವ್ವ. "ಅದು ಸತ್ತಿಲ್ಲ. ಈಗ ಐದು ತಿಂಗಳು ತುಂಬತಾವ. ಹೋದ ವಾರ ಎತ್ತಿಕೊಂಡಿದ್ದೆ, ಕಿವಿ ನೋಡೀನಿ."